ಪ್ಯಾಚಪ್ ಆಯ್ತು ಸರಿ, ಬಗೆಹರಿಯಿತಾ?

ನಮ್ಮ ಕ್ಯಾಂಪಸ್ ಡಿಕ್ಷನರಿಯಲ್ಲಿ ಬ್ರೇಕಪ್ಪಿನ ವಿರುದ್ಧ ಪದ ಪ್ಯಾಚಪ್. ರೂಮ್‌ಮೇಟ್‌ಗಳ ಜಗಳ, ಫೆಸ್ಟ್ ದುಡ್ಡಿನ ತಕರಾರು, ಪ್ರಾಜೆಕ್ಟ್ ಟೀಮಿನ ಮುನಿಸು, ಯಾವುದೇ ಇರಲಿ, ಒಟ್ಟಿಗೆ ಕೂತು ಒಂದು ಪ್ಲೇಟ್ ಗೋಳಿಬಜೆ ಖಾಲಿ ಮಾಡಿದರೆ "ಪ್ಯಾಚಪ್ ಆಯ್ತು ಮಾರಾಯ" ಅಂತೇವೆ. ಆದದ್ದು ನಿಜವಾಗಿ ಎಂತ?

ಇಂಗ್ಲಿಷಿನಲ್ಲಿ 'ಪ್ಯಾಚ್ ಅಪ್' ಸಕರ್ಮಕ ಕ್ರಿಯಾಪದ. 'ವಿ ಪ್ಯಾಚ್ಡ್ ಅಪ್' ಅಂತ ನಿಲ್ಲಿಸೋದು ನಮ್ಮ ಕಡೆಯ ರೂಢಿ. ಅವರು 'ವಿ ಪ್ಯಾಚ್ಡ್ ಥಿಂಗ್ಸ್ ಅಪ್' ಅಂತಾರೆ. ಅಂದರೆ ಏನನ್ನು ಸರಿಮಾಡಿದಿರಿ ಅನ್ನೋದಕ್ಕೆ ವಾಕ್ಯದಲ್ಲೇ ಒಂದು ಜಾಗ ಉಂಟು. ಕೆಟ್ಟ ಸಂಬಂಧ ಸರಿಮಾಡಿಕೊಳ್ಳೋದು ಒಂದರ್ಥ. ಸದ್ಯಕ್ಕೆ ನಡೆಯುವಷ್ಟು ಅವಸರದ ರಿಪೇರಿ ಇನ್ನೊಂದರ್ಥ. ಸಮಸ್ಯೆಯನ್ನೇ ಪರಿಹರಿಸೋದಕ್ಕೆ ಅವರಲ್ಲಿ 'ಸಾರ್ಟ್ ಔಟ್' ಅಂತ ಬೇರೆಯೇ ಪದ ಇದೆ.

ಕೋಡ್ ಬರೆಯುವ ನಮಗೆ ಈ ವ್ಯತ್ಯಾಸ ಗೊತ್ತಿರಬೇಕು. ಪಂಚ್ಡ್ ಟೇಪ್ ಕಾಲದಲ್ಲಿ ತಪ್ಪಾಗಿ ಬಿದ್ದ ತೂತಿನ ಮೇಲೆ ನಿಜವಾಗಿಯೂ ಕಾಗದದ ತುಂಡು ಅಂಟಿಸುತ್ತಿದ್ದರು. ಸಾಫ್ಟ್‌ವೇರ್ ಪ್ಯಾಚ್ ಅನ್ನುವ ಹೆಸರು ಅಲ್ಲಿಂದ ಬಂದದ್ದು. ತೂತು ಮುಚ್ಚಿತು, ಆದರೆ ಡಿಸೈನ್ ಬದಲಾಗಲಿಲ್ಲ.

ಕನ್ನಡದಲ್ಲಿ ಪ್ಯಾಚ್ ಅಂದರೆ ತೇಪೆ. "ಜಗಳಕ್ಕೆ ತೇಪೆ ಹಚ್ಚಿದ್ವಿ" ಅಂತ ಯಾರೂ ಹೆಮ್ಮೆಯಿಂದ ಹೇಳೋದಿಲ್ಲ. ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಎಲ್ಲ ಮುಗಿದ ಹಾಗೆ ಕೇಳಿಸುತ್ತದೆ. ನನ್ನ ತಕರಾರು ಇರೋದು ಇಲ್ಲೇ.

'ರಾಜಿ' ಇದಕ್ಕಿಂತ ಗಟ್ಟಿ ಪದ. ಮಂಗಳೂರಿನ ಕೋರ್ಟಿನಲ್ಲೂ ನಡೆಯುವ ಲೋಕ ಅದಾಲತ್ತನ್ನೇ ನೋಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಅಲ್ಲಿ ಇಬ್ಬರೂ ಒಪ್ಪಿದರೆ ಮಾತ್ರ ಇತ್ಯರ್ಥ. ಒಪ್ಪಿದ್ದು ಬರಹದಲ್ಲಿ ಇರುತ್ತದೆ, ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಇನ್ನೂ ಮುಖ್ಯ ಸಂಗತಿ ಎಂದರೆ, ಕಾನೂನು ರಾಜಿಗೆ ಬಿಡದ ಅಪರಾಧಗಳನ್ನು ಲೋಕ ಅದಾಲತ್ ಮುಟ್ಟುವ ಹಾಗೇ ಇಲ್ಲ.

ನಾವು ಮಾತ್ರ ಎಲ್ಲದಕ್ಕೂ ಪ್ಯಾಚಪ್ ಅಂತೇವೆ. ಜೂನಿಯರ್ ಒಬ್ಬನಿಗೆ ಹಾಸ್ಟೆಲಿನಲ್ಲಿ ಹೊಡೆತ ಬಿದ್ದರೂ "ಹೋಗ್ಲಿ, ಪ್ಯಾಚಪ್ ಮಾಡ್ಕೊಳ್ಳಿ" ಅಂತ ಬುದ್ಧಿ ಹೇಳುವವರು ಇದ್ದೇ ಇರ್ತಾರೆ. ಅದು ಜಗಳವೇ ಅಲ್ಲ, ರ‍್ಯಾಗಿಂಗ್. ಯುಜಿಸಿಯ 2009ರ ನಿಯಮಗಳ ಪ್ರಕಾರ, ಅಪರಾಧ ಕಂಡುಬಂದರೆ ಕಾಲೇಜಿನ ಮುಖ್ಯಸ್ಥರು 24 ಗಂಟೆಯೊಳಗೆ ಎಫ್‌ಐಆರ್‌ಗೆ ಮುಂದಾಗಬೇಕು. ಪೆಟ್ಟು ತಿಂದವನ ಕೈಯನ್ನು ಹೊಡೆದವನ ಕೈಗೆ ಸೇರಿಸಿ ಫೋಟೋ ತೆಗೆದರೆ ಲಾಭ ಹೊಡೆದವನಿಗೆ ಮಾತ್ರ.

ಸಣ್ಣಪುಟ್ಟ ಮುನಿಸಿಗೆ ಗೋಳಿಬಜೆ ಸಾಕು, ಬೇಡ ಅನ್ನೋದಿಲ್ಲ. ಆದರೆ ದುಡ್ಡು, ಕೆಲಸದ ಪಾಲು, ಪೇಪರಿನಲ್ಲಿ ಹೆಸರು ಇಂಥದ್ದಕ್ಕೆ ಜಗಳ ಬಂದಾಗ ತಿಂಡಿ ಮುಗಿಸಿ ಏಳುವ ಮೊದಲು ಗ್ರೂಪಿನಲ್ಲಿ ಎರಡು ಸಾಲು ಬರೆದು ಹಾಕಿ: ತಪ್ಪಿದ್ದು ಎಲ್ಲಿ, ಇನ್ನು ಯಾರ ಕೆಲಸ ಯಾವುದು. ಇಬ್ಬರೂ ಓದಿ "ಹೌದು" ಅಂದಮೇಲೆ ಬೇಕಾದರೆ ಪ್ಯಾಚಪ್ ಅಂತಲೇ ಕರೆಯಿರಿ.