ಡಿಸ್ಕ್ ಹೊಸದು ಸಿಗುತ್ತದೆ, ಪಾಠ ಸಿಗುವುದಿಲ್ಲ

ಹೊಸೂರು, ತಾಳವಾಡಿ ಕಡೆಯ ಕನ್ನಡ ಶಾಲೆಗಳ ಮಕ್ಕಳು ಓದುವುದು ತಮಿಳುನಾಡಿನ ಪಠ್ಯಕ್ರಮ. ತಮಿಳು ಮಾಧ್ಯಮಕ್ಕೆ ಪೇಟೆಯಲ್ಲಿ ಗೈಡುಗಳ ರಾಶಿಯೇ ಇದೆ. ಬೆಂಗಳೂರಿನಿಂದ ತಂದ ಗೈಡು ನಮ್ಮ ಪಾಠಕ್ಕೆ ಹೊಂದುವುದಿಲ್ಲ. ಹೀಗಾಗಿ ಟಿಪ್ಪಣಿ, ಮಾದರಿ ಪ್ರಶ್ನೆಪತ್ರಿಕೆಗಳನ್ನು ಶಿಕ್ಷಕರೇ ಕೂತು ಟೈಪು ಮಾಡುತ್ತಾರೆ. ಶಾಲೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟರೆ ಹೋಗುವುದು ಬರೀ ಯಂತ್ರವಲ್ಲ, ವರ್ಷಗಳ ದುಡಿಮೆ.

ಡಿಸ್ಕಿನೊಳಗಿನ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಓದುವ ಹೆಡ್ ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುತ್ತದೆ. ಫೈಲು ತೆರೆಯಲು ತಡವಾಗತೊಡಗಿದರೆ ಮೊದಲು ಮುಖ್ಯವಾದುದನ್ನೆಲ್ಲ ಬೇರೆ ಡಿಸ್ಕಿಗೆ ಪ್ರತಿ ಮಾಡಬೇಕು. ರಿಪೇರಿಯ ಮಾತು ಆಮೇಲೆ. 'ಟಕ್ ಟಕ್' ಸದ್ದು ಬಂದರೆ ಕೂಡಲೇ ಆಫ್ ಮಾಡಬೇಕು. ಮತ್ತೆ ಮತ್ತೆ ಆನ್ ಮಾಡಿದರೆ ಹೆಡ್ ತಟ್ಟೆಯನ್ನೇ ಗೀರಬಹುದು. ಮುಚ್ಚಳ ಬಿಚ್ಚಿ ನೋಡುವುದಂತೂ ಬೇಡ, ಒಂದು ಧೂಳಿನ ಕಣ ಸಾಕು ಕೆಡಿಸಲು. ಅಂಥ ಡಿಸ್ಕಿನಿಂದ ಮಾಹಿತಿ ತೆಗೆಯುವ ಪ್ರಯೋಗಾಲಯಗಳಿವೆ, ಆದರೆ ಖರ್ಚು ದೊಡ್ಡದು.

ಡಿಸ್ಕ್ ಬದಲಾಯಿಸುವುದು ಸುಲಭ. ಸಾಟಾ ಡಿಸ್ಕ್ ಇದ್ದ ಕಡೆ ಸಾಟಾ ಎಸ್‌ಎಸ್‌ಡಿ ಹಾಕಬಹುದು. ಹಳೆಯ ಯಂತ್ರವೂ ಚುರುಕಾಗುತ್ತದೆ. ಆದರೆ ಎಸ್‌ಎಸ್‌ಡಿ ಸದ್ದಿಲ್ಲದೆಯೂ ಸಾಯಬಹುದು. ಪ್ರತಿ ಇಡುವ ಕೆಲಸ ಅದರಿಂದ ತಪ್ಪುವುದಿಲ್ಲ.

ನಮ್ಮ ಗಡಿಯಲ್ಲಿ ಇನ್ನೊಂದು ತೊಡಕಿದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಫೈಲು, ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಕನ್ನಡ ಬಾರದ ಅಂಗಡಿಯವರು ಅದನ್ನು ಕೆಟ್ಟ ಫೈಲೆಂದು ಬಿಟ್ಟುಬಿಟ್ಟರೆ ತಪ್ಪು ಅವರದಲ್ಲ. "ಫಾರ್ಮ್ಯಾಟ್ ಪಣ್ಣಿಡಲಾಮಾ?" ಎಂದು ಕೇಳಿದಾಗ, ಪ್ರತಿ ಕೈಗೆ ಬರುವವರೆಗೆ 'ವೇಂಡಾಂ' ಎನ್ನಬೇಕು. ಫೈಲಿನ ಜತೆ ಫಾಂಟನ್ನೂ ಉಳಿಸಿ, ಬಿಡುವಾದಾಗ ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಡದೆ ವಾಪಸು ತರಬೇಕು. ಅದರಲ್ಲಿ ನಿಮ್ಮ ಮಕ್ಕಳ ಹೆಸರು, ವಿಳಾಸ, ಆಧಾರ್ ಸಂಖ್ಯೆ ಇರಬಹುದು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಪೋಷಕರು ಮುಂದಿನ ಶಾಲಾ ಸಮಿತಿ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಲಿ: "ಎರಡನೆಯ ಪ್ರತಿ ಎಲ್ಲಿದೆ?" ಇಲ್ಲವೆಂದರೆ ಹತ್ತು ಮನೆಯವರು ಸೇರಿ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಕೊಡಿಸಿ. ತಿಂಗಳಿಗೊಮ್ಮೆ ಪ್ರತಿ ಮಾಡಿ, ತೆರೆದು ನೋಡಿ, ದಿನಾಂಕ ಬರೆದು, ಶಾಲೆಯ ಹೊರಗೆ ಇಡುವ ವ್ಯವಸ್ಥೆಯಾಗಲಿ. ಬರುವ ವರ್ಷದ ಮಕ್ಕಳಿಗೂ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೈಗೆ ಸಿಗಬೇಕಲ್ಲವೇ?