ರವದಿಯ ಅಂಚು, ಎರಕದ ಧೂಳು

ಕಬ್ಬಿನ ರವದಿ ಸುಲಿಯುವಾಗ ಕೈ ಗೀರಿಸಿಕೊಳ್ಳದವರು ನಮ್ಮ ಕೊಲ್ಹಾಪುರ ಸೀಮೆಯಲ್ಲಿ ವಿರಳ. ಆ ಹರಿತಕ್ಕೆ ಸಿಲಿಕಾನ್ ಎಂಬ ಮೂಲಧಾತು ನೆರವಾಗಿದೆ. ಕಬ್ಬು ಅದನ್ನು ಮಣ್ಣಿನ ನೀರಿನೊಡನೆ ಹೀರಿ ಎಲೆಯಲ್ಲಿ ಸಂಗ್ರಹಿಸುತ್ತದೆ. ಎಲೆಯನ್ನು ಸುಟ್ಟು ಬೂದಿಯನ್ನು ಪರೀಕ್ಷಿಸಿದರೆ ಅದು ಎಷ್ಟಿತ್ತೆಂಬುದು ತಿಳಿದೀತು. ಯಾವ ಜೀವಕೋಶದಲ್ಲಿತ್ತೆಂಬುದು ತಿಳಿಯದು.

ಈ ತೊಡಕನ್ನು ಬಿಡಿಸಿದ್ದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕ. 1931ರಲ್ಲಿ ಬರ್ಲಿನ್ನಿನಲ್ಲಿ ನಾಲ್ ಮತ್ತು ರುಸ್ಕ ಅದರ ಮೊದಲ ರೂಪವನ್ನು ರಚಿಸಿದರು. ಇಲೆಕ್ಟ್ರಾನ್ ಕಿರಣವು ಪರಮಾಣುವಿಗೆ ಬಡಿದಾಗ ಕ್ಷ-ಕಿರಣ ಹೊರಡುತ್ತದೆ. ಪ್ರತಿ ಧಾತುವಿನ ಕ್ಷ-ಕಿರಣಕ್ಕೂ ತನ್ನದೇ ಶಕ್ತಿಯುಂಟು: ಸಿಲಿಕಾನಿನದು ಸುಮಾರು 1,740 ಇಲೆಕ್ಟ್ರಾನ್ ವೋಲ್ಟ್, ಕ್ಯಾಲ್ಸಿಯಮ್ಮಿನದು ಸುಮಾರು 3,690. ಈ ನಿಯಮವನ್ನು 1913ರಲ್ಲಿ ಮೋಸ್ಲಿ ಕಂಡುಹಿಡಿದನು. ಅದರ ಆಧಾರದ ಮೇಲೆ ಧಾತುಗಳನ್ನು ಗುರುತಿಸುವ ಉಪಕರಣವನ್ನು ಫ್ರಾನ್ಸಿನ ಕಾಸ್ಟೆಂಗ್ 1951ರ ಪ್ರಬಂಧದಲ್ಲಿ ವಿವರಿಸಿದನು. ಒಣಗಿಸಿದ ಅಂಗಾಂಶದ ಮೇಲೆ ಕಿರಣವನ್ನು ಬಿಂದುಬಿಂದುವಾಗಿ ಹಾಯಿಸಿದರೆ, ಶಾಲೆಯ ಭೂಪಟದಂತೆ, ಯಾವ ಧಾತು ಎಲ್ಲಿದೆಯೆಂಬ ನಕಾಶೆ ಮೂಡುತ್ತದೆ.

ಇದು ಕಬ್ಬಿನೆಲೆಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವಾಚಕರು ಭಾವಿಸಬಾರದು. ಗಡಹಿಂಗ್ಲಜದ ಕಡೆಯ ತರುಣರು ಶಿರೋಲಿ, ಗೋಕುಳ ಶಿರಗಾಂವಗಳ ಎರಕದ ಕಾರ್ಖಾನೆಗಳಿಗೆ ದುಡಿಯಲು ಹೋಗುವುದುಂಟು. ಎರಕದ ಅಚ್ಚು ಮರಳಿನದು; ಮರಳು ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯುಕ್ತ. ಅಚ್ಚನ್ನು ಒಡೆಯುವಾಗ ಏಳುವ ಅತಿಸೂಕ್ಷ್ಮ ಧೂಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ಉಳಿಯುತ್ತದೆ. ಅದರ ಸುತ್ತ ಅಂಗಾಂಶವು ಗಂಟುಗಟ್ಟಿ ಉಸಿರು ಕುಗ್ಗುತ್ತದೆ. ಇದೇ ಸಿಲಿಕೋಸಿಸ್. ಗಂಟಿನ ತುಣುಕನ್ನು ಯಂತ್ರದಲ್ಲಿಟ್ಟರೆ ಸಿಲಿಕಾನಿನ ಕಣಗಳು ನಕಾಶೆಯಲ್ಲಿ ಎದ್ದು ಕಾಣುತ್ತವೆ.

ಆದರೆ ಯಂತ್ರಕ್ಕೂ ಮಿತಿಯುಂಟು. ಅದು ಧಾತುವಿನ ಹೆಸರು ಹೇಳೀತೇ ಹೊರತು, ಎಲೆಯಲ್ಲಿರುವಂಥ ಸ್ಫಟಿಕವಲ್ಲದ ಸಿಲಿಕಾ ಯಾವುದು, ಮರಳಿನ ಸ್ಫಟಿಕ ಯಾವುದು ಎಂಬುದನ್ನು ತಾನೊಂದೇ ನಿರ್ಣಯಿಸಲಾರದು. ಇಚಲಕರಂಜಿಯ ಮಗ್ಗಗಳ ಹತ್ತಿಯ ಧೂಳನ್ನೂ ಅದು ಸುಲಭವಾಗಿ ಬೇರ್ಪಡಿಸದು. ಹತ್ತಿಯೂ ನಮ್ಮ ಅಂಗಾಂಶವೂ ಬಹುಪಾಲು ಇಂಗಾಲ, ಆಮ್ಲಜನಕಗಳಿಂದಲೇ ಆದವು.

ಸಾಮಾನ್ಯವಾಗಿ ರೋಗನಿರ್ಣಯಕ್ಕೆ ಎದೆಯ ಕ್ಷ-ಕಿರಣ ಚಿತ್ರವೂ ದುಡಿಮೆಯ ಪೂರ್ವವೃತ್ತಾಂತವೂ ಸಾಕು. ಕೆಮ್ಮು, ದಮ್ಮು ಕಂಡೊಡನೆ ಕ್ಷಯವೆಂದು ತಪ್ಪು ತಿಳಿಯುವ ಸಂಭವವಿದೆ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಭಯವೂ ಹೆಚ್ಚು. ಆದ್ದರಿಂದ ಎಲ್ಲಿ, ಯಾವ ಕೆಲಸವನ್ನು, ಎಷ್ಟು ವರ್ಷ ಮಾಡಿದೆನೆಂಬುದನ್ನು ವೈದ್ಯರ ಮುಂದೆ ತಾವಾಗಿಯೇ ಹೇಳಬೇಕು. ಗಂಟುಗಟ್ಟಿದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವಿಲ್ಲ. ಧೂಳನ್ನು ನೀರಿನಿಂದ ತಣಿಸುವುದು, ಯಂತ್ರದಿಂದ ಹೀರಿ ತೆಗೆಯುವುದು, ತಕ್ಕ ಮುಖವಾಡ ಧರಿಸುವುದು—ಇವೇ ಉಪಾಯ. ಮನೆಯ ಹಿರಿಯರು ದುಡಿಯುವ ಮಕ್ಕಳನ್ನು ಸಂಬಳವೆಷ್ಟೆಂದು ಕೇಳುವಂತೆಯೇ, ಧೂಳೆಷ್ಟೆಂದೂ ಕೇಳಲಿ.