ಸರ್ಪಸುತ್ತು: ಮೊದಲ ಮೂರು ದಿನವೇ ಮುಖ್ಯ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಹಳ್ಳಿಗಳಲ್ಲಿ ಸರ್ಪಸುತ್ತು ಎಂದರೆ ಇಂದಿಗೂ ಭಯ. ಸುತ್ತಿಕೊಂಡ ಹಾವಿನ ತಲೆಗೆ ಬಾಲ ಕೂಡಿದರೆ ರೋಗಿ ಉಳಿಯುವುದಿಲ್ಲ ಎಂಬ ಮಾತು ಹಿರಿಯರ ಬಾಯಲ್ಲಿದೆ. ಹೀಗಾಗಿ ಮೊದಲು ಕೆಮ್ಮಣ್ಣಿನ ಲೇಪ, ಮಂತ್ರ, ನಾಗರಕಲ್ಲಿಗೆ ತನಿ, ಆಸ್ಪತ್ರೆ ಕೊನೆಗೆ. ತನಿ ಎರೆದರೆ ಯಾರಿಗೂ ಕೇಡಿಲ್ಲ. ಕೇಡಿರುವುದು ಚಿಕಿತ್ಸೆಯಿಲ್ಲದೆ ಕಳೆದುಹೋಗುವ ದಿನಗಳಲ್ಲಿ.

ಈ ರೋಗಕ್ಕೂ ಹಾವಿಗೂ ಸಂಬಂಧವಿಲ್ಲ. ಜನ ‘ಅಮ್ಮ’ ಎಂದು ಕರೆಯುವ ಸೀತಾಳೆ ಸಿಡುಬಿನ ವೈರಸ್ಸೇ ಇದಕ್ಕೂ ಕಾರಣ. ಅಮ್ಮ ಇಳಿದ ಮೇಲೂ ಅದು ದೇಹ ಬಿಟ್ಟು ಹೋಗದೆ, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಹತ್ತಾರು ವರ್ಷ ಅಡಗಿರುತ್ತದೆ. ವಯಸ್ಸಾಗಿಯೋ, ಬೇರೆ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎಚ್ಚೆತ್ತು, ಒಂದು ನರದ ಗುಂಟ ಚರ್ಮಕ್ಕೆ ಬರುತ್ತದೆ. 1965ರಲ್ಲಿ ಈ ವಿವರಣೆಯನ್ನು ಸ್ಪಷ್ಟವಾಗಿ ಮಂಡಿಸಿದವರು ಇಂಗ್ಲೆಂಡಿನ ಸಣ್ಣ ಊರೊಂದರ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ತಮ್ಮ ರೋಗಿಗಳ ದಾಖಲೆಗಳನ್ನು ವರ್ಷಗಟ್ಟಲೆ ಇಟ್ಟು ಅವರು ಈ ನಿರ್ಣಯಕ್ಕೆ ಬಂದಿದ್ದರು.

ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಎಡದ್ದು ಎಡಭಾಗಕ್ಕೆ, ಬಲದ್ದು ಬಲಭಾಗಕ್ಕೆ. ಆದ್ದರಿಂದಲೇ ಗುಳ್ಳೆಗಳು ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಎದ್ದು, ದೇಹದ ನಡುಗೆರೆಯ ಬಳಿ ನಿಲ್ಲುತ್ತವೆ. ತಲೆಗೆ ಬಾಲ ಕೂಡುವ ಭಯಕ್ಕೆ ಆಧಾರವಿಲ್ಲ.

ನಿಜವಾಗಿ ಭಯಪಡಬೇಕಾದದ್ದು ನರಕ್ಕಾಗುವ ಹಾನಿಗೆ. ಗುಳ್ಳೆ ಮಾಯ್ದ ಮೇಲೂ ಕೆಲವರಲ್ಲಿ ಉರಿ, ಚುಚ್ಚುವ ನೋವು ತಿಂಗಳುಗಟ್ಟಲೆ ಉಳಿಯುತ್ತದೆ; ಮೈಗೆ ಬಟ್ಟೆ ತಾಗಿದರೂ ಸಹಿಸಲಾಗದು. ಇನ್ನು ಕೆಲವರಲ್ಲಿ ಉರಿಯೂತವು ಸ್ನಾಯುಗಳನ್ನು ಆಡಿಸುವ ಪಕ್ಕದ ನರಕ್ಕೂ ಹಬ್ಬುತ್ತದೆ. ಆಗ ಗುಳ್ಳೆ ಎದ್ದ ಎರಡು ಮೂರು ವಾರಗಳಲ್ಲಿ ಆ ಭಾಗದ ಬಲ ಕುಗ್ಗುತ್ತದೆ. ಭುಜದ ಮೇಲೆ ಗುಳ್ಳೆ ಎದ್ದಿದ್ದ ರೈತನಿಗೆ ಕಬ್ಬು ಕಡಿಯಲು ಕೈ ಎತ್ತಲಾಗದಿರಬಹುದು. ಹೊಟ್ಟೆಯ ಒಂದು ಪಕ್ಕ ಉಬ್ಬಿ ಹರ್ನಿಯಾದಂತೆ ಕಾಣಬಹುದು. ಕಿವಿಯಲ್ಲಿ ಗುಳ್ಳೆ ಎದ್ದು ಮುಖ ಒಂದು ಕಡೆಗೆ ಸೊಟ್ಟಗಾಗುವುದನ್ನು 1907ರಲ್ಲಿ ಅಮೆರಿಕದ ವೈದ್ಯ ರ‍್ಯಾಮ್ಸೆ ಹಂಟ್ ವಿವರಿಸಿದ್ದರು. ಮುಖ ಸೊಟ್ಟಗಾದರೆ ಪಾರ್ಶ್ವವಾಯುವೂ ಇರಬಹುದು; ಅದನ್ನು ಮನೆಯಲ್ಲಿ ತೀರ್ಮಾನಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಣೆ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೇ ಅಪಾಯ.

ಸಮಾಧಾನದ ಸಂಗತಿಯೂ ಇದೆ. ಸ್ನಾಯುಗಳ ಬಲ ಹೆಚ್ಚಿನವರಲ್ಲಿ ತಿಂಗಳುಗಳ ನಂತರ ಬಹುಮಟ್ಟಿಗೆ ಮರಳುತ್ತದೆ. ಫಿಸಿಯೊಥೆರಪಿ ಅದಕ್ಕೆ ನೆರವಾಗುತ್ತದೆ. ಅಸೈಕ್ಲೋವಿರ್‌ನಂಥ ಮಾತ್ರೆಗಳನ್ನು ಗುಳ್ಳೆ ಕಂಡ 72 ಗಂಟೆಗಳೊಳಗೆ ಶುರು ಮಾಡಿದರೆ ಪ್ರಯೋಜನ ಹೆಚ್ಚು. ತಡವಾಯಿತೆಂದು ಸುಮ್ಮನಿರಬೇಕಾಗಿಲ್ಲ, ಆಗಲೂ ವೈದ್ಯರಿಗೆ ತೋರಿಸಬೇಕು. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಹೆಚ್ಚಿನ ತಪಾಸಣೆಗೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಕೆ.ಆರ್. ಆಸ್ಪತ್ರೆ ದೂರವಿಲ್ಲ. ಐವತ್ತು ದಾಟಿದವರಿಗೆ ಎರಡು ಡೋಸಿನ ಲಸಿಕೆ 2023ರಿಂದ ಭಾರತದಲ್ಲಿ ದೊರೆಯುತ್ತಿದೆ; ಬೆಲೆ ಮಾತ್ರ ದುಬಾರಿ.

ಸರ್ಪಸುತ್ತು ಇರುವವರಿಂದ ಇತರರಿಗೆ ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಹಿಂದೆ ಅಮ್ಮ ಬರದ, ಲಸಿಕೆಯನ್ನೂ ಪಡೆಯದ ಮಕ್ಕಳಿಗೆ ಅಮ್ಮ ಬರಬಹುದು. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಅದನ್ನು ಬಟ್ಟೆಯಿಂದ ಮುಚ್ಚಿರಬೇಕು. ಗರ್ಭಿಣಿಯರು, ಹಸುಗೂಸುಗಳು ದೂರವಿರಬೇಕು.

ಅನೇಕ ಮನೆಗಳಲ್ಲಿ ತಾತ, ಅಜ್ಜಿ ತಮ್ಮ ಬೆನ್ನಿನ ಉರಿಯನ್ನು ಮೊದಲು ತೋರಿಸುವುದು ಶಾಲೆಯಿಂದ ಬಂದ ಮೊಮ್ಮಕ್ಕಳಿಗೆ. ಒಂದೇ ಪಕ್ಕದಲ್ಲಿ ಸಾಲಾಗಿ ಎದ್ದ ನೀರುಗುಳ್ಳೆ ಕಂಡ ಹುಡುಗನೋ ಹುಡುಗಿಯೋ ಅಂದೇ ಅಪ್ಪ ಅಮ್ಮನಿಗೆ ತಿಳಿಸಿದರೆ, ಹಿರಿಯರ ಕೈಯ ಬಲ ಉಳಿದೀತು.